ಕಂದು, ಕಪ್ಪು, ಕಿತ್ತಳೆ

ಅವನಿಗೆ ತಿದ್ದಪ್ಪ ಅಂತ ಹೆಸರಿಟ್ಟವಳು ಅಕ್ಕ. ಮೀಸೆ ಚಿಗುರುವ ಮೊದಲೇ ಅವನು ಬೀದಿಯ ಬೋರ್ಡುಗಳನ್ನು ಓದಿಕೊಂಡು ಹೋಗಿ, ಅಂಗಡಿಯೊಳಗೆ ನುಗ್ಗಿ, ನಿಮ್ಮ ಬೋರ್ಡಿನಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿದೆ ಎಂದು ಹೇಳಿ ಬೈಸಿಕೊಂಡು ಬರುತ್ತಿದ್ದ. ದೊಡ್ಡವನಾದ ಮೇಲೆ ಅದೇ ಹೊಟ್ಟೆಪಾಡಾಯಿತು. ಪುಸ್ತಕಗಳು ಅಚ್ಚಿಗೆ ಹೋಗುವ ಮೊದಲು ಅವುಗಳ ಕರಡು ತಿದ್ದುವ ಕೆಲಸ. ಊರವರ ತಪ್ಪಿಗೆಲ್ಲ ಕೆಂಪು ಶಾಯಿಯಲ್ಲಿ ಸುತ್ತು ಹಾಕುವ ಈ ಮಹಾನುಭಾವನಿಗೆ ತನ್ನದೊಂದು ತಪ್ಪು ಕಣ್ಣಿಗೆ ಬೀಳಲು ಐವತ್ತೆರಡು ವರ್ಷ ಬೇಕಾಯಿತು. ಅದನ್ನು ತೋರಿಸಿಕೊಟ್ಟದ್ದು ಅಕ್ಕಿಕಾಳಿಗಿಂತ ತುಸು ದೊಡ್ಡದಾದ, ಕರೆಂಟನ್ನು ತಡೆಯುವ ಒಂದು ರೆಸಿಸ್ಟರ್.

ಮನೆಯ ಮುಂಗೋಣೆಯಲ್ಲಿ ಅವನ ಉದ್ದನೆಯ ಮೇಜು. ಎಡಗಡೆ ಕರಡಿನ ಹಾಳೆಗಳು. ಬಲಗಡೆ ಬೆಸುಗೆ ಕಡ್ಡಿ, ಮೀಟರು, ಔಷಧಿಯ ಖಾಲಿ ಶೀಶೆಗಳಲ್ಲಿ ತುಂಬಿಟ್ಟ ಬಿಡಿಭಾಗಗಳು. ಎಡಗಡೆಯದು ಸಂಸಾರಕ್ಕೆ, ಬಲಗಡೆಯದು ಹುಚ್ಚಿಗೆ ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು. ಆ ಹುಚ್ಚು ಹಿಡಿಸಿದವಳೂ ಅಕ್ಕನೇ. ಅಪ್ಪ ಅಮ್ಮ ಬೇಗ ಹೋದ ಮೇಲೆ ಹೊಲಿಗೆ ಯಂತ್ರ ತುಳಿದು ತಮ್ಮನನ್ನು ಸಾಕಿದವಳು, ಅವನ ಹದಿಮೂರನೆಯ ವಯಸ್ಸಿಗೆ ಒಂದು ಬೆಸುಗೆ ಕಡ್ಡಿ ಕೊಡಿಸಿದ್ದಳು. ತಾನು ಮಾತ್ರ ಯಾರ ಹತ್ತಿರವೂ ಏನನ್ನೂ ಕೇಳಿದವಳಲ್ಲ. ಕೈಚಾಚುವುದು ಅವಳ ಜಾಯಮಾನದಲ್ಲೇ ಇರಲಿಲ್ಲ. ಬಾಯಾರಿದರೆ, ‘ಯಾರಾದರೂ ಅಡುಗೆಮನೆ ಕಡೆ ಹೋಗ್ತಿದ್ದೀರಾ?’ ಎಂದು ಗೋಡೆಯನ್ನು ಕೇಳುವಷ್ಟು ಬಿಗುಮಾನ.

ಅಂಥವಳಿಗೆ ಪಾರ್ಶ್ವವಾಯು ಹೊಡೆದು ಬಲಭಾಗ ಬಿದ್ದುಹೋಯಿತು. ಮಾತು ಉಳಿಯಿತು, ದನಿ ಉಡುಗಿತು. ಹಿಂದಿನ ಕೋಣೆಯಿಂದ ಅವಳು ಕರೆದರೆ ನಡುಮನೆಗೂ ಕೇಳಿಸುತ್ತಿರಲಿಲ್ಲ. ತಿದ್ದಪ್ಪ ಅವಳಿಗಾಗಿ ಒಂದು ಕರೆಗುಂಡಿ ಮಾಡಲು ಹೊರಟ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಅವಳದ್ದೊಂದೇ ಷರತ್ತು.

“ಕರೆಯೋ ಗುಂಡಿ ಮಂಚದ ಹತ್ರ ಇರುತ್ತಲ್ಲ, ಆರಿಸೋ ಗುಂಡಿನೂ ಅಲ್ಲೇ ಇರ್ಬೇಕು. ನಮ್ಮ ವಾರ್ಡಲ್ಲಿ ಹಂಗೇ ಇರೋದು. ಕೂತಲ್ಲಿಂದ ಆರಿಸೋ ಹಂಗಿದ್ರೆ ಯಾರೂ ಎದ್ದು ಹೋಗಲ್ಲ.”

“ನಾನೇನು ನಿಮ್ಮ ವಾರ್ಡಿನ ಸೋಮಾರಿನಾ?” ಎಂದ ತಿದ್ದಪ್ಪ.

“ಮನುಷ್ಯರೆಲ್ಲ ಒಂದೇರೀ,” ಎಂದಳು ಅವಳು.

ಹಾಗೇ ಮಾಡಿದ. ಅಕ್ಕ ಗುಂಡಿ ಒತ್ತಿದರೆ, ಅದನ್ನು ನೆನಪಿಟ್ಟುಕೊಳ್ಳುವ ಒಂದು ಸಣ್ಣ ಚಿಪ್ಪು. ಅದಕ್ಕೆ ನೆನಪಿದೆಯೇ ಹೊರತು ತಾಕತ್ತಿಲ್ಲ; ಬಲ್ಬಿನ ಸ್ವಿಚ್ಚಾಗಿ ಕೆಲಸ ಮಾಡುವ ರಿಲೇಯ ಸುರುಳಿಯನ್ನು ಎಳೆಯುವಷ್ಟು ಕರೆಂಟು ಕೇಳಿದರೆ ಸುಟ್ಟುಹೋಗುತ್ತದೆ. ಹಾಗಾಗಿ ಅದರ ಮುಂದೆ, ಕರೆಂಟಿನ ಭಾರ ಹೊರಲು, ಒಂದು ಡ್ರೈವರ್ ಚಿಪ್ಪು. ಡ್ರೈವರಿನಿಂದ ಒಂದು ದಾರಿ ರಿಲೇಗೆ. ರಿಲೇ ಟಕ್ ಎಂದರೆ ಅಕ್ಕನ ಬಾಗಿಲ ಮೇಲಿನ ಬಲ್ಬು ಹೊತ್ತುತ್ತದೆ, ಅಡುಗೆಮನೆಯಲ್ಲಿದ್ದವರಿಗೆ ಕಾಣುತ್ತದೆ. ಇನ್ನೊಂದು ದಾರಿ ಮೇಜಿನ ಮೇಲಿನ ಡಬ್ಬಿಯ ಕೆಂಪು ಎಲ್ಇಡಿಗೆ. ಹನ್ನೆರಡು ವೋಲ್ಟಿನಲ್ಲಿ ಎಲ್ಇಡಿಗೆ ಎರಡು ಹೋಗುತ್ತದೆ, ಉಳಿದ ಹತ್ತನ್ನು ರೆಸಿಸ್ಟರ್ ನುಂಗಬೇಕು. ಸಾವಿರ ಓಮ್ ಸರಿಹೋಗುತ್ತದೆ ಎಂದು ಹಾಳೆಯ ಅಂಚಿನಲ್ಲಿ ಲೆಕ್ಕ ಹಾಕಿದ. ಕೊನೆಗೆ ಎಲ್ಲಕ್ಕಿಂತ ಮುಖ್ಯವಾದ ಇನ್ನೊಂದು ರೆಸಿಸ್ಟರ್. ಹಿಂದಿನ ಕೋಣೆಯಿಂದ ಬರುವ ಉದ್ದನೆಯ ತಂತಿ, ಗುಂಡಿ ಒತ್ತದಿದ್ದಾಗ ಎಲ್ಲಿಗೂ ಸೇರದೆ ತೂಗಾಡುತ್ತಿದ್ದರೆ, ಅಕ್ಕಪಕ್ಕದ ಕರೆಂಟಿನ ಏರಿಳಿತವನ್ನೆಲ್ಲ ಹೀರಿಕೊಂಡು ಯಾರೂ ಕರೆಯದೆ ದೀಪ ಹೊತ್ತಿಸುತ್ತದೆ. ಆ ತಂತಿಯನ್ನು ಸೊನ್ನೆ ವೋಲ್ಟಿಗೆ ಕಟ್ಟಿಹಾಕಲು ಹತ್ತು ಸಾವಿರ ಓಮಿನದ್ದೊಂದು ಬೇಕು. ಅದರ ಮೈಮೇಲಿನ ಪಟ್ಟಿಗಳು ಕಂದು, ಕಪ್ಪು, ಕಿತ್ತಳೆ.

ಎಲ್ಲವನ್ನೂ ಒಂದು ಸರ್ಕ್ಯೂಟ್ ಬೋರ್ಡಿಗೆ ಬೆಸೆದು ಡಬ್ಬಿಯೊಳಗಿಟ್ಟ, ನೋಡಿದ, ಕೆಲಸ ಮಾಡಿತು. ಇರುವೆ ನುಗ್ಗಬಾರದೆಂದು ಡಬ್ಬಿಯ ಮುಚ್ಚಳದ ಸುತ್ತ ಅಂಟು ಸುರಿದು ಮುಚ್ಚಿಬಿಟ್ಟ. ತಂತಿಗಳನ್ನು ಬಿಗಿಯುವ ಸ್ಕ್ರೂಗಳು ಮಾತ್ರ ಹೊರಗಿದ್ದವು.

ಮೊದಲ ವಾರ ಎಲ್ಲ ನೆಟ್ಟಗಿತ್ತು. ಎರಡನೆಯ ವಾರದಿಂದ ದಿನಾ ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ದೀಪ ಹೊತ್ತತೊಡಗಿತು. ತಿದ್ದಪ್ಪ ಎದ್ದು ಹೋಗಿ ಬಾಗಿಲಲ್ಲಿ ನಿಂತು, “ಯಾಕಕ್ಕ?” ಅನ್ನುತ್ತಿದ್ದ.

“ನಾನು ಒತ್ತಿಲ್ಲ ಕಣೋ,” ಅನ್ನುತ್ತಿದ್ದಳು ಅಕ್ಕ. ಅವನು ಹೊರಡುವ ಹೊತ್ತಿಗೆ, “ಹೆಂಗೂ ಬಂದಿದ್ದೀಯಲ್ಲ, ಕೂತ್ಕೋ,” ಅನ್ನುತ್ತಿದ್ದಳು. ಮಂಚದ ಪಕ್ಕದ ಸ್ಟೂಲಿನ ಮೇಲೆ ಅವನು ಪೂರ್ತಿ ಕೂತ ಮೇಲೆಯೇ ಎಡಗೈಯಿಂದ ಆರಿಸುವ ಗುಂಡಿಯನ್ನು ತಡವಿ ಒತ್ತುತ್ತಿದ್ದಳು. ಮುಂಗೋಣೆಯಲ್ಲಿ ರಿಲೇ ಟಕ್ ಎಂದು ಬಿಡುತ್ತಿತ್ತು. ಹತ್ತು ನಿಮಿಷ ಅದೂ ಇದೂ ಮಾತಾಡಿ ಅವನು ಎದ್ದು ಬರುತ್ತಿದ್ದ.

ಯಾರೂ ಒತ್ತದೆ ಹೊತ್ತುತ್ತದೆ ಎಂದರೆ ದೋಷ ತನ್ನ ಬೋರ್ಡಿನದ್ದೇ. ಪಕ್ಕದ ಮನೆಯ ಪಂಪು ಹೆಚ್ಚುಕಮ್ಮಿ ಅದೇ ಹೊತ್ತಿಗೆ ಗುಂಯ್ ಅನ್ನುತ್ತಿತ್ತು. ಸರಿ, ಪಂಪಿನ ಕರೆಂಟಿನ ಏರಿಳಿತ ತಂತಿಗೆ ನುಗ್ಗುತ್ತಿದೆ. ಅಂದರೆ ಅದನ್ನು ಕಟ್ಟಿಹಾಕುವ ರೆಸಿಸ್ಟರ್ ತಪ್ಪಾಗಿದೆ. ಮಬ್ಬು ಬೆಳಕಿನಲ್ಲಿ ಕಿತ್ತಳೆ ಪಟ್ಟಿಯದರ ಬದಲು ಹಸಿರು ಪಟ್ಟಿಯದನ್ನು ಬೆಸೆದಿರಬೇಕು, ಹತ್ತು ಸಾವಿರ ಆಗಬೇಕಾದಲ್ಲಿ ಹತ್ತು ಲಕ್ಷ. ಬಿಚ್ಚಿ ನೋಡಿದರೆ ಅರ್ಧ ಗಂಟೆಯ ಕೆಲಸ. ಅಂಟು ಕೆರೆಯಬೇಕಲ್ಲ ಎಂಬ ಸೋಮಾರಿತನಕ್ಕೆ ನಾಳೆ ಎಂದ. ನಾಡಿದ್ದು ಎಂದ. ಒಂದು ತಿಂಗಳು ಕಳೆಯಿತು. ಕರಡಿನ ನಡುವೆ ದಿನಾ ಏಳುವುದು ಬೇಸರವಾಗಿ, ಒಂದು ದಿನ ಡಬ್ಬಿಯ ಹೊರಗಿನ ಎರಡು ಸ್ಕ್ರೂಗಳಿಗೆ ಇನ್ನೊಂದು ಆರಿಸುವ ಗುಂಡಿ ಸಿಕ್ಕಿಸಿದ. ಮೇಜಿನ ಅಡಿಗೆ, ಹೆಂಡತಿಗೆ ಕಾಣದ ಹಾಗೆ. ಐದು ನಿಮಿಷ ಹಿಡಿಯಲಿಲ್ಲ. ಎಂಥ ಕೆಲಸಗಳ್ಳನಿಗೂ ಇಂಥ ಕೆಲಸಕ್ಕೆ ಮಾತ್ರ ಉತ್ಸಾಹ ಬಂದುಬಿಡುತ್ತದೆ.

ಅಲ್ಲಿಂದ ಮುಂದೆ ಒಂದು ತಿಂಗಳ ಕಾಲ ಮೂರೂ ಇಪ್ಪತ್ತಕ್ಕೆ ದೀಪ ಹೊತ್ತಿದರೆ ಅವನು ಹಾಳೆಯಿಂದ ಕಣ್ಣೆತ್ತದೆ ಮೇಜಿನಡಿಗೆ ಕೈಹಾಕಿ ಆರಿಸುತ್ತಿದ್ದ. ಅಕ್ಕ ಆಮೇಲೆ ಆ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ಸಂಜೆ ಹೋದರೆ ಎಂದಿನಂತೆ ಮಾತಾಡುತ್ತಿದ್ದಳು.

ಆ ಮಂಗಳವಾರ ಒಂದು ದಪ್ಪ ಪುಸ್ತಕದ ಕೊನೆಯ ಕರಡು ಕೈಯಲ್ಲಿತ್ತು, ಸಂಜೆಯೊಳಗೆ ಕೊಡಬೇಕಿತ್ತು. ದೀಪ ಹೊತ್ತಿತು. ಆರಿಸಿದ. ಮತ್ತೆ ಹೊತ್ತಿತು. ಹಾಳು ಪಂಪು ಎಂದು ಗೊಣಗಿ ಆರಿಸಿದ. ಮೂರನೆಯ ಸಲವೂ ಹೊತ್ತಿತು, ಆರಿಸಿದ. ಆಮೇಲೆ ಹೊತ್ತಲಿಲ್ಲ. ಐದಕ್ಕೆ ಹೆಂಡತಿ ಡ್ಯೂಟಿ ಮುಗಿಸಿ ಬಂದು, ಕೈಕಾಲು ತೊಳೆದು, ಹಿಂದಿನ ಕೋಣೆಗೆ ಹೋದವಳು ಅಲ್ಲಿಂದಲೇ ಅವನನ್ನು ಕೂಗಿದಳು. ಅಕ್ಕನ ಎಡಗೈ ಮಂಚದಿಂದ ಇಳಿಬಿದ್ದಿತ್ತು, ಗುಂಡಿಯ ತಂತಿ ಬೆರಳಿಗೆ ಸುತ್ತಿಕೊಂಡಿತ್ತು.

“ದೀಪ ಹೊತ್ತಲಿಲ್ವಾ?” ಎಂದು ಹೆಂಡತಿ ಕೇಳಿದಳು.

“ಇಲ್ಲ,” ಎಂದ ತಿದ್ದಪ್ಪ.

ಅಷ್ಟೇ ಮಾತು. ಪಕ್ಕದಲ್ಲಿ ಯಾರಿದ್ದರೂ ಏನೂ ಮಾಡುವಂತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಅವರಿಗೇನು, ಎಲ್ಲರಿಗೂ ಹಾಗೇ ಹೇಳುತ್ತಾರೆ. ಅದೇ ಸಂಜೆ ಮನೆ ತುಂಬ ಜನರಿದ್ದಾಗ ಅವನು ಮೇಜಿನಡಿಯ ಕಳ್ಳಗುಂಡಿಯನ್ನು ಕಿತ್ತು, ರೆಸಿಸ್ಟರುಗಳ ಶೀಶೆಯೊಳಗೆ ಹಾಕಿ ಮುಚ್ಚಳ ಬಿಗಿದ. ಹಿಂದಿನ ಕೋಣೆಗೆ ಆಮೇಲೆ ಕಾಲಿಡಲಿಲ್ಲ.

ಇಪ್ಪತ್ತು ದಿನ ಕಳೆದಿರಬಹುದು. ಹೆಂಡತಿ ಡ್ಯೂಟಿಗೆ ಹೋಗಿದ್ದಳು. ಮೂರೂ ಇಪ್ಪತ್ತಕ್ಕೆ ರಿಲೇ ಟಕ್ ಎಂದಿತು. ಕೆಂಪು ದೀಪ ಹೊತ್ತಿಕೊಂಡಿತು.

ತಿದ್ದಪ್ಪನ ಎದೆ ಧಸಕ್ಕೆಂದಿತು, ನಿಜ. ಆದರೆ ಮರುಕ್ಷಣ ಅವನಿಗಾದದ್ದು ಸಂತೋಷ. ಹೇಳಲು ನಾಚಿಕೆಯಾಗಬೇಕು, ಆದರೂ ಸಂತೋಷವೇ. ಒತ್ತುವವಳೇ ಇಲ್ಲದೆ ಹೊತ್ತಿತೆಂದರೆ ದೋಷ ಬೋರ್ಡಿನದ್ದೇ. ಆ ಮಂಗಳವಾರದ ಮೂರು ದೀಪಗಳೂ ಸುಳ್ಳು. ಅಕ್ಕ ಕರೆದಿರಲೇ ಇಲ್ಲ, ತಾನು ಯಾವ ಕರೆಯನ್ನೂ ಆರಿಸಿರಲಿಲ್ಲ. ಎದೆಯ ಮೇಲಿನ ಚಪ್ಪಡಿ ಎತ್ತಿದಂತಾಗಿ ಅವನು ಜೋರಾಗಿ ಉಸಿರುಬಿಟ್ಟ. ಆರಿಸಲು ಹಿಂದಿನ ಕೋಣೆಗೆ ಹೋಗಬೇಕಾಗಿತ್ತು. ಹೋಗದೆ ಸ್ಕ್ರೂಡ್ರೈವರಿನ ತುದಿಯನ್ನು ಆ ಎರಡು ಸ್ಕ್ರೂಗಳಿಗೆ ಅಡ್ಡ ಹಿಡಿದ. ದೀಪ ಆರಿತು. ಸ್ವಲ್ಪ ಹೊತ್ತಿಗೆ ಮತ್ತೆ ಹೊತ್ತಿತು. ಮತ್ತೆ ಆರಿಸಿದ. ಒಟ್ಟು ಮೂರು ಸಲ. ಆಮೇಲೆ ಹೊತ್ತಲಿಲ್ಲ.

ಮರುದಿನವೂ ಮೂರು ಸಲ. ಅದರ ಮರುದಿನವೂ ಅಷ್ಟೇ. ಮೂರೇ ಯಾಕೆ ಎಂದು ತಿದ್ದಪ್ಪ ಯೋಚಿಸಲು ಹೋಗಲಿಲ್ಲ.

ಹೆಂಡತಿಗೆ ರಜೆ ಬಂದ ದಿನ ಅವಳು ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಮುಖ ಬಿಳಿಚಿತ್ತು. “ಏನ್ರೀ ಇದು, ಅಕ್ಕನ ಬಾಗಿಲ ದೀಪ ಹೊತ್ತಿದೆ.”

“ಹೊತ್ತುತ್ತೆ, ಹೊತ್ತುತ್ತೆ,” ಎಂದ ಅವನು, ಕಾದು ಕೂತವನ ಹಾಗೆ. “ಮೊದ್ಲಿಂದಲೂ ಹೊತ್ತುತ್ತಿತ್ತು. ಪಕ್ಕದ ಮನೆ ಪಂಪ್ ಶುರುವಾದ್ರೆ ಸಾಕು. ನಾನು ಒಂದು ರೆಸಿಸ್ಟರ್ ತಪ್ಪು ಹಾಕಿದ್ದೀನಿ, ನೋಡ್ತಿರು, ಬಿಚ್ಚಿ ತೋರಿಸ್ತೀನಿ.”

“ಪಕ್ಕದ ಮನೆಯವ್ರಾ? ಅವ್ರು ಮನೆಗೆ ಬೀಗ ಹಾಕ್ಕೊಂಡು ಹೋಗಿ ತಿಂಗಳಾಗ್ತಾ ಬಂತು. ಅವ್ರ ಗಿಡಕ್ಕೆ ನಾನೇ ತಾನೇ ಬಕೆಟ್ಟಲ್ಲಿ ನೀರು ಹಾಕ್ತಿರೋದು?”

ತಿಂಗಳ ಲೆಕ್ಕ ಹಿಡಿದರೆ ಆ ಮಂಗಳವಾರವೂ ಅದರೊಳಗೇ ಬರುತ್ತಿತ್ತು. ಪಂಪಲ್ಲದಿದ್ದರೆ ಬೇರೆ ಯಾವುದೋ ಮೋಟಾರು ಇರಬಹುದು, ಊರಲ್ಲಿ ಮೋಟಾರಿಗೇನು ಬರವೇ ಎಂದು ತಿದ್ದಪ್ಪ ತನಗೆ ತಾನೇ ಹೇಳಿಕೊಂಡ. ಮೊದಲಿಂದಲೂ ಹೊತ್ತುತ್ತಿತ್ತು ಎಂದದ್ದು ಹೆಂಡತಿಯ ಕಿವಿಯಲ್ಲಿ ಉಳಿದಿತ್ತು. ಏನೂ ಕೇಳದೆ ಒಳಗೆ ಹೋದಳು.

ಅವತ್ತು ಸಂಜೆಯೇ ಅವನು ಬಿಡಿಭಾಗಗಳ ಅಂಗಡಿಗೆ ಹೋದ. ಅಂಗಡಿಯನ್ನು ನಡೆಸುವವಳು ಒಬ್ಬ ದಪ್ಪ ಕನ್ನಡಕದ ಹೆಂಗಸು. ಸುತ್ತ ನೆಲದಿಂದ ಚಾವಣಿಯವರೆಗೆ ಪುಟ್ಟ ಪುಟ್ಟ ಡ್ರಾಯರುಗಳು. ಗಿರಾಕಿಗಳೆಲ್ಲ ಅವಳನ್ನು ಡಬ್ಬಿಯಮ್ಮ ಎನ್ನುತ್ತಿದ್ದರು. ಹೊಸದೊಂದು ಡ್ರೈವರ್ ಚಿಪ್ಪು, ಹತ್ತು ಸಾವಿರ ಓಮಿನ ಎರಡು ರೆಸಿಸ್ಟರ್ ಕೇಳಿದ.

“ಹಳೇದಕ್ಕೇನಾಯ್ತು?” ಎಂದಳು ಡಬ್ಬಿಯಮ್ಮ.

“ತಾನೇ ತಾನಾಗಿ ಹೊತ್ತುತ್ತೆ. ರೆಸಿಸ್ಟರ್ ತಪ್ಪು ಹಾಕಿದ್ದೀನಿ. ಹಸಿರು ಪಟ್ಟಿದು ಸೇರ್ಕೊಂಡಿರ್ಬೇಕು.”

“ಹೆಂಗೆ ಸೇರ್ಕೊಳ್ಳುತ್ತೆ ಸ್ವಾಮಿ? ಅಕ್ಕನಿಗೆ ಮಾಡ್ತಿದ್ದೀನಿ, ಎಡವಟ್ಟಾಗಬಾರದು, ಒಂದೊಂದನ್ನೂ ಮೀಟರಿಗೆ ಹಿಡಿದು ಕೊಡಿ ಅಂತ ನನ್ನ ತಲೆ ತಿಂದವರು ನೀವಲ್ವಾ? ನಾನೇ ಹಿಡಿದು, ಕಾಗದದಲ್ಲಿ ಸುತ್ತಿ ಕೊಟ್ಟಿದ್ದು.” ಅವಳು ಡ್ರಾಯರು ಎಳೆಯುತ್ತ ಕೇಳಿದಳು, “ಹೆಂಗಿದ್ದಾರೆ ಅಕ್ಕ?”

ಅವನು ದುಡ್ಡು ಇಟ್ಟು, ಪೊಟ್ಟಣ ಹಿಡಿದುಕೊಂಡು ಮೆಟ್ಟಿಲಿಳಿದ.

ಆದರೂ ಆಸೆ ಬಿಡಲಿಲ್ಲ. ಕಾಗದದಲ್ಲಿ ಸುತ್ತಿ ಕೊಟ್ಟದ್ದನ್ನೇ ಬೆಸೆದೆ ಎಂದು ಯಾರು ಕಂಡರು? ಮೇಜಿನ ಮೇಲೆ ಅಂಥವು ನೂರು ಬಿದ್ದಿದ್ದವು. ಮರುದಿನ ಊಟವಾದ ಮೇಲೆ ಡಬ್ಬಿಯನ್ನು ಮುಂದಿಟ್ಟುಕೊಂಡು ಕೂತ. ಹೆಂಡತಿಗೆ ಬೆಳಗಿನ ಪಾಳಿ. ಎರಡೂವರೆಗೇ ಮನೆಗೆ ಬಂದವಳು ಅಡುಗೆಮನೆಯಲ್ಲಿದ್ದಳು. ಬ್ಲೇಡಿನಿಂದ ಅಂಟು ಕೆರೆದ. ಅವನು ತಿಂಗಳುಗಟ್ಟಲೆ ಮುಂದೂಡಿದ್ದ ಕೆಲಸ ಹನ್ನೆರಡು ನಿಮಿಷದಲ್ಲಿ ಮುಗಿಯಿತು. ಮುಚ್ಚಳ ಎತ್ತಿ, ಟೇಬಲ್ ದೀಪವನ್ನು ಬಗ್ಗಿಸಿ, ಭೂತಗನ್ನಡಿ ಹಿಡಿದ.

ಕಂದು. ಕಪ್ಪು. ಕಿತ್ತಳೆ.

ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಬಣ್ಣ ಮಾಸಿರಬಹುದೆಂದು ಅದರ ಒಂದು ಕಾಲನ್ನು ಬೋರ್ಡಿನಿಂದ ಬಿಡಿಸಿ ಮೀಟರಿಗೆ ಹಿಡಿದ. ಒಂಬತ್ತು ಸಾವಿರದ ಒಂಬೈನೂರು ಓಮ್. ಹತ್ತು ಸಾವಿರ ಎಂದು ಮಾರುವುದರಲ್ಲಿ ಇದಕ್ಕಿಂತ ಕರಾರುವಾಕ್ಕಾದದ್ದು ಸಿಗುವುದು ಅಪರೂಪ. ಮತ್ತೆ ಬೆಸೆದ. ತಂತಿಯ ಪಕ್ಕದಲ್ಲೇ ಮಿಕ್ಸರ್ ತಂದು ಓಡಿಸಿದ, ಡ್ರಿಲ್ಲು ತಿರುಗಿಸಿದ, ಫ್ಯಾನನ್ನು ಹಾಕಿ ಆರಿಸಿ ಹಾಕಿ ಆರಿಸಿ ನೋಡಿದ. ಕೆಂಪು ದೀಪ ಮಿಸುಕಲಿಲ್ಲ. ಬೋರ್ಡಿನಲ್ಲಿ ಒಂದೇ ಒಂದು ದೋಷವಿರಲಿಲ್ಲ. ತಿದ್ದಪ್ಪ ತನ್ನ ಜೀವಮಾನದಲ್ಲಿ ಒಂದು ತಪ್ಪಿಗಾಗಿ ಇಷ್ಟು ಆಸೆಯಿಂದ ಹುಡುಕಿರಲಿಲ್ಲ.

ಹಾಗಾದರೆ ದಿನಾ ಒತ್ತುತ್ತಿದ್ದವಳು ಅಕ್ಕನೇ. ಒತ್ತಿ, ಒತ್ತಿಲ್ಲ ಅನ್ನುತ್ತಿದ್ದಳು. ಬಾ, ಒಂದು ಗಳಿಗೆ ಕೂತ್ಕೋ, ಬೇಜಾರಾಗುತ್ತೆ ಎಂದು ಬಾಯಿಬಿಟ್ಟು ಕೇಳಲು ಅವಳಿಗೆ ಬರುತ್ತಿರಲಿಲ್ಲ. ಮೂರೂ ಇಪ್ಪತ್ತು ಯಾಕೆಂದೂ ಅವನಿಗೆ ಈಗ ಹೊಳೆಯಿತು. ಸ್ಕೂಲು ಬಿಟ್ಟು ಅವನು ಮನೆ ಸೇರುತ್ತಿದ್ದ ಹೊತ್ತದು. ಅಷ್ಟು ಹೊತ್ತಿಗೆ ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಆ ಕರೆಯನ್ನು ಅವನು ಒಂದು ತಿಂಗಳ ಕಾಲ ಮೇಜಿನಡಿಗೆ ಕೈಹಾಕಿ ಆರಿಸಿದ್ದ. ಮಲಗಿದ್ದವಳಿಗೆ ತನ್ನ ಬಾಗಿಲ ಮೇಲಿನ ಬಲ್ಬಿನ ಬೆಳಕು ಕಾಣುತ್ತಿತ್ತು. ಯಾರೂ ಬಾರದೆ ಅದು ಆರುವುದೂ ಕಾಣುತ್ತಿತ್ತು. ಇದು ಹೊಳೆದಾಗ ತಿದ್ದಪ್ಪ ಎರಡೂ ಕೈಗಳಿಂದ ಮೇಜಿನ ಅಂಚನ್ನು ಹಿಡಿದುಕೊಂಡ.

ಗೋಡೆ ಗಡಿಯಾರದಲ್ಲಿ ಮೂರೂ ಹದಿನೈದು.

ಈಗ ಅವನಿಗೆ ಹೆದರಿಕೆ ಶುರುವಾಯಿತು. ಬೋರ್ಡು ಸರಿಯಿದೆ ಎಂದಾದರೆ, ಈ ವಾರವೆಲ್ಲ ಹೊತ್ತಿಸುತ್ತಿರುವವರು ಯಾರು? ಹೊರಗಿನ ಸ್ಕ್ರೂಗಳನ್ನು ಸಡಿಲಿಸಿ ಹಿಂದಿನ ಕೋಣೆಯ ತಂತಿಗಳನ್ನೆಲ್ಲ ಕಿತ್ತುಹಾಕಿದ. ಸಾಲದೆಂದು ಚಿಮಟದ ತುದಿಯಿಂದ ಮೀಟಿ ಡ್ರೈವರ್ ಚಿಪ್ಪನ್ನೇ ಅದರ ಗೂಡಿನಿಂದ ಎಬ್ಬಿಸಿ ಎಡಗೈಯಲ್ಲಿ ಹಿಡಿದುಕೊಂಡ. ಹದಿನಾರು ಕಾಲುಗಳು ಅಂಗೈಗೆ ಚುಚ್ಚುತ್ತಿದ್ದವು. ಈಗ ಎಲ್ಇಡಿಗೂ ರಿಲೇಗೂ ಕರೆಂಟು ಹರಿಯುವ ದಾರಿಯೇ ಇರಲಿಲ್ಲ.

ಟಕ್ ಎಂದಿತು ರಿಲೇ. ಕೆಂಪು ದೀಪ ಹೊತ್ತಿತು.

ತಿದ್ದಪ್ಪ ಅಂಗೈ ಬಿಡಿಸಿ ನೋಡಿದ. ಚಿಪ್ಪು ಅಲ್ಲೇ ಇತ್ತು. ಬಲಗೈಯಲ್ಲಿ ಮೀಟರಿನ ಕಡ್ಡಿಗಳನ್ನು ತೆಗೆದುಕೊಂಡು ಎಲ್ಇಡಿಯ ರೆಸಿಸ್ಟರಿನ ಎರಡು ಕಾಲಿಗೂ ಮುಟ್ಟಿಸಿದ. ಹತ್ತು ವೋಲ್ಟು ತೋರಿಸಬೇಕಾದಲ್ಲಿ ಮೀಟರು ಸೊನ್ನೆ ತೋರಿಸಿತು. ಅದರ ಪಕ್ಕದಲ್ಲೇ ದೀಪ ಎಂದಿನಷ್ಟೇ ಪ್ರಕಾಶವಾಗಿ ಉರಿಯುತ್ತಿತ್ತು. ಅಭ್ಯಾಸಬಲ ನೋಡಿ, ಆ ಹೊತ್ತಿನಲ್ಲೂ ಅವನ ಕೈ ಸ್ಕ್ರೂಡ್ರೈವರಿನ ಕಡೆಗೆ ಹೋಯಿತು. ಎರಡು ಸ್ಕ್ರೂಗಳಿಗೆ ಅಡ್ಡ ಹಿಡಿದ. ಆರಲಿಲ್ಲ. ಒತ್ತಿ ಹಿಡಿದ. ಆರಲಿಲ್ಲ.

ಅವನು ಸ್ಕ್ರೂಡ್ರೈವರನ್ನು ಕೆಳಗಿಟ್ಟು ಎದ್ದ.

ನಡುಮನೆ ದಾಟಿ ಹಿಂದಕ್ಕೆ ಹೋಗಲು ಹದಿನೆಂಟು ಹೆಜ್ಜೆ. ತಂತಿ ಎಳೆಯುವಾಗ ಅವನೇ ಅಳೆದಿದ್ದ. ಬಾಗಿಲ ಮೇಲೆ ಬಲ್ಬು ಉರಿಯುತ್ತಿತ್ತು. ಕೋಣೆಯಲ್ಲಿ ಹಾಸಿಗೆ ಸುತ್ತಿಟ್ಟ ಬರಿಯ ಮಂಚ, ಕಿಟಕಿಯ ಬಿಸಿಲು, ಮುಲಾಮಿನ ವಾಸನೆ. ಎರಡೂ ಗುಂಡಿಗಳನ್ನು ಹೆಂಡತಿ ಮಂಚದ ಆಚೆ ಬದಿಯ ಮೊಳೆಗೆ ತೂಗುಹಾಕಿದ್ದಳು.

“ಯಾಕಕ್ಕ?” ಎಂದ, ಬಾಗಿಲಲ್ಲೇ ನಿಂತು.

ಬಲ್ಬು ಉರಿಯುತ್ತಲೇ ಇತ್ತು. ಒಳಗೆ ಬಂದ. ಸ್ಟೂಲನ್ನು ಎಳೆದುಕೊಂಡು ಅಂಚಿನ ಮೇಲೆ ಕೂತ, ಬೇಗ ಎದ್ದುಹೋಗುವವರು ಕೂರುವ ಹಾಗೆ. ಬಲ್ಬು ಆರಲಿಲ್ಲ. ಆಮೇಲೆ ಹಿಂದಕ್ಕೆ ಸರಿದು ಪೂರ್ತಿ ಕೂತು, ಎರಡೂ ಕೈಗಳನ್ನು ಮೊಣಕಾಲಿನ ಮೇಲಿಟ್ಟುಕೊಂಡ. ಬೆನ್ನ ಹಿಂದೆ ಬಾಗಿಲಿಗೆ ಯಾರೋ ಬಂದು ನಿಂತ ಸದ್ದಾಯಿತು. ಹೆಂಡತಿ ಎಂದು ಗೊತ್ತಾಯಿತು. ಗೊತ್ತಾಗಿಯೂ ಅವನು ಹೇಳಬೇಕಾದದ್ದನ್ನು ಹೇಳಿದ.

“ಅವತ್ತು ಹೊತ್ತಿತ್ತು ಅಕ್ಕ. ಮೂರು ಸಲ ಹೊತ್ತಿತ್ತು. ಮೂರು ಸಲನೂ ನಾನೇ ಆರಿಸಿದೆ. ಮೇಜಿನ ಕೆಳಗೆ ಒಂದು ಗುಂಡಿ ಇಟ್ಕೊಂಡಿದ್ದೆ. ಏಳೋದಕ್ಕೆ ಸೋಮಾರಿತನ, ಅಷ್ಟೇ. ಬೋರ್ಡು ಸರಿಯಾಗಿತ್ತು. ನಾನು ಬರಬೇಕಿತ್ತು.”

ಹೆಂಡತಿಯ ಉಸಿರು ಕೇಳಿಸುತ್ತಿತ್ತು. ಅವಳು ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ. ಎಷ್ಟು ಹೊತ್ತು ಹಾಗೇ ಇದ್ದರೋ, ಹತ್ತು ನಿಮಿಷವಿರಬಹುದು. ದೂರದಲ್ಲಿ, ಮುಂಗೋಣೆಯಲ್ಲಿ, ರಿಲೇ ಟಕ್ ಎಂದು ಬಿಟ್ಟಿತು. ನೆಲದ ಮೇಲೆ ಬಿದ್ದಿದ್ದ ಹೆಂಡತಿಯ ನೆರಳು ಅಳಿಸಿಹೋಯಿತು.

ಅವಳು ತಲೆಯೆತ್ತಿ ಆರಿದ ಬಲ್ಬನ್ನು ನೋಡಿದಳು. ಮಂಚದ ಆಚೆಯ ಮೊಳೆಯನ್ನು ನೋಡಿದಳು. ಆರಿಸುವ ಗುಂಡಿ, ಮುಟ್ಟಿದವರಿಲ್ಲದೆ, ತಂತಿಯ ತುದಿಯಲ್ಲಿ ಮೆಲ್ಲಗೆ ಆಡುತ್ತಿತ್ತು.

“ನೀವು ಒತ್ತಿದ್ರಾ?” ಎಂದಳು.

ತಿದ್ದಪ್ಪ ಮೊಣಕಾಲಿನ ಮೇಲಿದ್ದ ತನ್ನ ಎರಡು ಕೈಗಳನ್ನು ನೋಡಿಕೊಂಡ.

“ನಾನು ಒತ್ತಿಲ್ಲ,” ಎಂದ.